ಇಳಿಜಾರಿಗೆ ಮುಖ ಮಾಡಿದ ಕಾರು

ನನಗೆ ಕಾರು ಓಡಿಸಲು ಬರುತ್ತದೆ ಎಂದರೆ ಈಗಿನ ಹುಡುಗಿಯರು ನಗುತ್ತಾರೆ, ಅದರಲ್ಲೇನಿದೆ ಎಂದು. ನಾನು ಹೇಳುತ್ತಿರುವುದು ಅವರ ಕಾರಿನ ಮಾತಲ್ಲ. ಎರಡೇ ಸೀಟಿನ, ತಲೆಯ ಮೇಲೆ ತಗಡಿಲ್ಲದ, ಪವರ್ ಸ್ಟೀರಿಂಗ್ ಎಂಬ ಹೆಸರನ್ನೇ ಕೇಳದ, ಬ್ರೇಕ್ ಒತ್ತಿದರೆ ತನಗೆ ಮನಸ್ಸು ಬಂದಾಗ ನಿಲ್ಲುವ ಇಂಗ್ಲೆಂಡಿನ ಹಳೇ ಸ್ಪೋರ್ಟ್ಸ್ ಕಾರಿನ ಮಾತು. ಅದನ್ನು ಗುಂಡ್ಲುಪೇಟೆಯ ಸಂತೆಯ ದಿನ ಬಸ್‌ಸ್ಟ್ಯಾಂಡಿನ ಮುಂದೆ ಸೀರೆ ಉಟ್ಟುಕೊಂಡು ಓಡಿಸಿದ ಹೆಂಗಸು ನಾನೊಬ್ಬಳೇ. ಜಂಬ ಅಂದುಕೊಳ್ಳುವವರು ಅಂದುಕೊಳ್ಳಲಿ. ಚಾಮರಾಜನಗರದ ಹೈಸ್ಕೂಲಿನಲ್ಲಿ ತಲೆ ನರೆಯುವವರೆಗೆ ಗಣಿತ ಹೇಳಿಕೊಟ್ಟವಳು ನಾನು, ಸುಳ್ಳು ಲೆಕ್ಕ ಕೊಡುವ ಅಭ್ಯಾಸವಿಲ್ಲ.

ಕಾರು ನಮ್ಮಪ್ಪನದು. ಅಪ್ಪನಿಗೆ ಗುಂಡ್ಲುಪೇಟೆಯಲ್ಲಿ ಅರಿಶಿನದ ವ್ಯಾಪಾರ, ಮನೆ ಜಮೀನು ಹಂಗಳದಲ್ಲಿ. ಊಟಿ ಕಡೆಯ ಟೀ ಎಸ್ಟೇಟಿನ ಮ್ಯಾನೇಜರೊಬ್ಬರು ಕೆಲಸ ಬಿಟ್ಟು ಊರಿಗೆ ಹೊರಟಾಗ ಅವರ ಜೀಪು ನೋಡಿ ಬರುತ್ತೇನೆ ಎಂದು ಹೋದ ಅಪ್ಪ, ಜೀಪು ಬಿಟ್ಟು ಇದನ್ನು ತಂದರು. ಅಮ್ಮ ಬಾಗಿಲಲ್ಲಿ ನಿಂತು ಕಾರನ್ನು ಮುಂದೆ ಹಿಂದೆ ನೋಡಿದಳು. "ಇದ್ರಲ್ಲಿ ಗೊಬ್ರ ಎಲ್ಲಿ ತುಂಬದು?" ಎಂದಳು. ಅಪ್ಪ ವಾರದೊಳಗೆ ಅದಕ್ಕೆ ಕರಿಬೇವಿನ ಸೊಪ್ಪಿನ ಹಸಿರು ಬಣ್ಣ ಹೊಡೆಸಿದರು.

ಸೀಟಿನಲ್ಲಿ ಕೂತು ಕೈ ಇಳಿಬಿಟ್ಟರೆ ರಸ್ತೆ ಮುಟ್ಟಬಹುದಿತ್ತು. ಮುಂದೆ ದುಂಡನೆಯ ಮೀಟರುಗಳು. ಅವುಗಳಲ್ಲಿ ಪೆಟ್ರೋಲಿನ ಮುಳ್ಳು ಯಾವತ್ತೂ ನಿಜ ಹೇಳಿದ್ದಿಲ್ಲ, ಅಪ್ಪ ಟ್ಯಾಂಕಿಗೆ ಬಿದಿರು ಕಡ್ಡಿ ಅದ್ದಿ ನೋಡುತ್ತಿದ್ದರು. ಚಳಿಯ ಬೆಳಗ್ಗೆ ಚೋಕ್ ಎಳೆದು, ಆಕ್ಸಿಲರೇಟರ್ ಮೆತ್ತಗೆ ಒತ್ತಿ, ಎಂಜಿನ್ ಕೆಮ್ಮಿ ಕೆಮ್ಮಿ ಹಿಡಿದುಕೊಂಡ ಮೇಲೆ ಚೋಕನ್ನು ಸ್ವಲ್ಪ ಸ್ವಲ್ಪವೇ ಒಳಗೆ ಬಿಡಬೇಕು. ಗೇರು ಇಳಿಸುವಾಗ ಕ್ಲಚ್ಚನ್ನು ಎರಡು ಸಲ ತುಳಿದು ನಡುವೆ ಎಂಜಿನ್ನಿಗೆ ಒಂದು ಉಸಿರು ಕೊಡಬೇಕು. ತಪ್ಪಿದರೆ ಗೇರ್‌ಬಾಕ್ಸು ಇಡೀ ಬೀದಿಗೆ ಕೇಳುವ ಹಾಗೆ ಬೈಯುತ್ತಿತ್ತು. ಬೇಸಿಗೆಯಲ್ಲಿ ಎಂಜಿನ್ನಿನ ಬಿಸಿ ಪಾದಕ್ಕೇ ಬರುತ್ತಿತ್ತು, ನಾನು ಚಪ್ಪಲಿ ಬಿಟ್ಟು ಕೂತವಳಲ್ಲ.

ಅದಕ್ಕೊಂದು ಕೆಟ್ಟ ಚಾಳಿ. ಬಿಸಿಯಾದ ಮೇಲೆ ಆಫ್ ಮಾಡಿದರೆ ಸ್ಟಾರ್ಟರ್ ಮೊಂಡು ಹಿಡಿಯುತ್ತಿತ್ತು. ಕೀ ತಿರುಗಿಸಿದರೆ 'ಟಕ್' ಎಂಬ ಒಂದು ಸದ್ದು, ಅಷ್ಟೇ. ತಣ್ಣಗಾಗುವವರೆಗೆ ಕಾಯಬೇಕು, ಇಲ್ಲವೆ ನೂಕಬೇಕು. ಆದ್ದರಿಂದ ಅಪ್ಪ ಎಲ್ಲಿಗೆ ಹೋದರೂ ಮೊದಲು ಹುಡುಕುತ್ತಿದ್ದದ್ದು ನೆರಳನ್ನಲ್ಲ, ಇಳಿಜಾರನ್ನು. ಬ್ರೇಕ್ ಬಿಟ್ಟರೆ ಕಾರು ತಾನೇ ಉರುಳುತ್ತದೆ, ಎರಡನೇ ಗೇರಿನಲ್ಲಿ ಕ್ಲಚ್ ಬಿಟ್ಟರೆ ಎಂಜಿನ್ ಹಿಡಿದುಕೊಳ್ಳುತ್ತದೆ, ಯಾರ ಹಂಗೂ ಬೇಡ. ಮದುವೆಗೆ ಹೋದರೆ ಛತ್ರದ ಮುಂದೆ ಜಾಗ ಖಾಲಿ ಬಿದ್ದಿದ್ದರೂ ದೂರದಲ್ಲಿ ರಸ್ತೆ ಇಳಿಯುವಲ್ಲಿ ನಿಲ್ಲಿಸಿ, ರೇಷ್ಮೆ ಪಂಚೆ ಎತ್ತಿಕೊಂಡು ನಡೆದು ಬರುತ್ತಿದ್ದರು. ಹಂಗಳದ ಮನೆಯ ಹಿತ್ತಲಲ್ಲಿ ಶೆಡ್ಡು ಕಟ್ಟಿಸುವಾಗ, ನೆಲ ಮಟ್ಟ ಮಾಡಬೇಡ, ಗೇಟಿನ ಕಡೆಗೆ ಇಳಿಸು ಎಂದರು. ಗಾರೆ ಕೆಲಸದವನು, "ನೀರು ಓಗಕಾ ಯಜಮಾನ್ರೇ?" ಎಂದು ಕೇಳಿದ.

"ಕಾರು ಓಗಕ," ಎಂದರು ಅಪ್ಪ.

ಇಳಿಜಾರು ಸಿಗದ ಕಡೆ ನಮಗೆ ನನ್ನ ತಮ್ಮ ಇದ್ದ. ನಾನು ಕಾಲೇಜಿಗೆ ಸೇರಿದ ವರ್ಷ ಅಪ್ಪ ನನಗೆ ಕಾರು ಕಲಿಸಿದರು. ತಮ್ಮನ ಕಾಲು ಆಗ ಪೆಡಲಿಗೆ ಎಟುಕುತ್ತಿರಲಿಲ್ಲ. ತೋಳಿನಲ್ಲಿ ಮಾತ್ರ ಎಳೇ ಹೋರಿಯ ಬಲ. ಹಾಗಾಗಿ ಸ್ಟೀರಿಂಗಿಗೆ ನಾನು, ಪಕ್ಕದ ಸೀಟಿಗೆ ಅಪ್ಪ, ನೂಕಲು ಅವನು. ನೂಕಿ ಆದ ಮೇಲೆ ಅವನ ಜಾಗ ಹಿಂದೆ, ಮಡಚಿಟ್ಟ ಬಟ್ಟೆಯ ಟಾಪಿನ ಮೇಲೆ. "ಸ್ಟಾರ್ಟ್ ಆದ್ಮೇಲ ನಿಲ್ಸಬ್ಯಾಡ ಕಣಮ್ಮಿ, ಮತ್ತ ಆಫ್ ಆಗ್ಬುಟ್ಟದು. ಅವ್ನು ಓಡ್ಬಂದು ಹತ್ಕತಾನ," ಎನ್ನುತ್ತಿದ್ದರು ಅಪ್ಪ. ಅವನು ಓಡಿ ಬಂದು, ಡಿಕ್ಕಿಯ ಮೇಲೆ ಹೊಟ್ಟೆ ಹಾಕಿ, ಕಪ್ಪೆಯ ಹಾಗೆ ಎಗರಿ ಹತ್ತುತ್ತಿದ್ದ. ನಾವಿಬ್ಬರೂ ನಗುತ್ತಿದ್ದೆವು, ಅವನೂ ನಗುತ್ತಿದ್ದ. ಅವನ ಕಾಲು ಪೆಡಲಿಗೆ ಎಟುಕುವ ಹೊತ್ತಿಗೆ ಅಪ್ಪನಿಗೆ ಈ ಏರ್ಪಾಟೇ ರೂಢಿಯಾಗಿಬಿಟ್ಟಿತ್ತು. ಅವನು ಕಾರು ಕಲಿತದ್ದು ಗುಂಡ್ಲುಪೇಟೆಯಲ್ಲಿ, ಯಾರದೋ ಟ್ಯಾಕ್ಸಿಯಲ್ಲಿ.

ಅಪ್ಪ ಹೋದ ಮೇಲೆ ಮನೆಯ ಜೊತೆ ಶೆಡ್ಡು, ಶೆಡ್ಡಿನ ಜೊತೆ ಕಾರು ತಮ್ಮನ ಪಾಲಿಗೆ ಬಂತು. ಅವನು ಅದನ್ನು ಮುಟ್ಟುತ್ತಿರಲಿಲ್ಲ. ನಾನೇ ರಜಾ ಸಿಕ್ಕಾಗಲೆಲ್ಲ ಚಾಮರಾಜನಗರದಿಂದ ಬಸ್ಸು ಹತ್ತಿ ಹೋಗಿ, ಇಲಿ ಕಡಿದ ವೈರು ಕಟ್ಟಿಸಿ, ಆಯಿಲ್ ಬದಲಾಯಿಸಿ, ಬಂಡೀಪುರದ ಚೆಕ್‌ಪೋಸ್ಟಿನವರೆಗೆ ಒಂದು ಸುತ್ತು ಹೊಡೆದು ತಂದು ನಿಲ್ಲಿಸುತ್ತಿದ್ದೆ. "ಇದ್ಯಾಕ ಬೇಕು ಕಣಕ್ಕ ನಿನಗ," ಎನ್ನುತ್ತಿದ್ದ ತಮ್ಮ. ಬೇಕಿತ್ತು, ಅಷ್ಟೇ. ಬೇಕು ಎನ್ನುವುದಕ್ಕೆ ಕಾರಣ ಕೊಡುವ ವಯಸ್ಸು ನನ್ನದಲ್ಲ.

ಹೋದ ವರ್ಷ ಅವನು ಹೊಸ ಸ್ಪೋರ್ಟ್ಸ್ ಕಾರು ತಂದ. ಬೂದಿ ಬಣ್ಣದ್ದು, ಅಗಲವಾದ ಚಕ್ರ, ನೆಲಕ್ಕೆ ಹೊಟ್ಟೆ ತಾಗಿಸಿಕೊಂಡು ಮಲಗಿದ ಹಾಗೆ. ಪೂಜೆಯ ದಿನ ಅಯ್ಯನವರು ಮುಂದೆ ನಿಂತು ಆರತಿ ಎತ್ತಿದರೆ ಕಾರು ಕಿಂಯ್ ಕಿಂಯ್ ಎಂದು ಅವರನ್ನೇ ಎಚ್ಚರಿಸಿತು. ರಸ್ತೆ ಉಬ್ಬು ಬಂದರೆ ಮೂತಿ ಎತ್ತಿಕೊಳ್ಳುತ್ತದೆ. ಒಂದು ಸಲ ಎತ್ತಿದ ಜಾಗವನ್ನು ನೆನಪಿಟ್ಟುಕೊಂಡು ಮುಂದಿನ ಸಲ ತಾನಾಗಿಯೇ ಎತ್ತುತ್ತದೆ. ಗೆರೆ ಬಿಟ್ಟು ಆಚೀಚೆ ಹೋದರೆ ಸ್ಟೀರಿಂಗನ್ನು ತಾನೇ ಎಳೆಯುತ್ತದೆ. ಮುಂದೆ ಅಡ್ಡ ಏನಾದರೂ ಇದ್ದರೆ ನಾವು ಒತ್ತುವ ಮೊದಲೇ ಬ್ರೇಕ್ ಹಾಕುತ್ತದೆ. ಮೀಟರ್ ಅಂತ ಒಂದೂ ಇಲ್ಲ, ಎಲ್ಲ ಟಿವಿ.

ನಾನೂ ಓಡಿಸಿ ನೋಡಿದೆ. ಓಡಿಸದೆ ಬೈಯುವವಳಲ್ಲ. ಹಂಗಳದಿಂದ ಕಾಡಿನ ಕಡೆಗೆ ಹೊರಟೆವು. ಕಾಲಿನ ಬೆರಳು ಅಲ್ಲಾಡಿಸಿದರೆ ಸಾಕು, ಬೆನ್ನು ಸೀಟಿಗೆ ಅಂಟಿಕೊಳ್ಳುತ್ತದೆ. ತಿರುವಿನಲ್ಲಿ ಅಲುಗಾಟ ಇಲ್ಲ, ಗಾಳಿಯ ಸದ್ದು ಇಲ್ಲ. ಎಂಜಿನ್ನಿನ ಗುಡುಗು ಮಾತ್ರ ಚೆನ್ನಾಗಿ ಕೇಳುತ್ತಿತ್ತು. ಅದರಲ್ಲಿ ಅರ್ಧ ಸ್ಪೀಕರಿನಿಂದ ಬರುವುದು ಎಂದು ತಮ್ಮನೇ ಹೇಳಿದ. ಕಾಡಿನ ಅಂಚಿಗೆ ಹೋಗುವಾಗ ಕಾರು ಗಕ್ಕನೆ ನಿಂತಿತು. ನಾನು ಏನೂ ಒತ್ತಿರಲಿಲ್ಲ. ಆಮೇಲೆ ಲಂಟಾನದ ಪೊದೆಯಿಂದ ಒಂದು ಜಿಂಕೆ ಹೊರಗೆ ಬಂದು, ನಮ್ಮನ್ನು ನೋಡಿ, ರಸ್ತೆ ದಾಟಿತು. ಹಳೇ ಕಾರಾಗಿದ್ದರೆ ಅದರ ಗತಿ ಏನಾಗುತ್ತಿತ್ತೋ. ಈ ವಿಷಯದಲ್ಲಿ ಹೊಸ ಕಾರಿಗೆ ನಾನು ಪೂರ್ತಿ ಮಾರ್ಕು ಕೊಡುತ್ತೇನೆ.

ಆದರೆ ಮನೆಗೆ ಬಂದು ಇಳಿದಾಗ ನನ್ನ ಕೈಗೆ ಏನೂ ಅನ್ನಿಸಿರಲಿಲ್ಲ. ಹಳೇ ಕಾರಿನಿಂದ ಇಳಿದರೆ ಸ್ಟೀರಿಂಗಿನ ನಡುಕ ಅಂಗೈಯಲ್ಲಿ ಇನ್ನೂ ಇರುತ್ತದೆ, ತಲೆಗೂದಲಲ್ಲಿ ಪೆಟ್ರೋಲು, ಧೂಳು, ದಾರಿಯ ಹೊಲಗಳ ವಾಸನೆ. ಇದರಿಂದ ಇಳಿದರೆ ಸೋಫಾದಿಂದ ಎದ್ದ ಹಾಗೆ. ನಾನು ಬರದೆ ಹೋಗಿದ್ದರೂ ಅದು ತಾನೇ ಹೋಗಿ ಬರುತ್ತಿತ್ತು.

"ಹೆಂಗದ ಅಕ್ಕ?" ಎಂದ ತಮ್ಮ.

"ಚೆನ್ನಾಗಿದೆ. ನಿನ್ನನ್ನ ಯಾಕೆ ಜೊತೆಗೆ ಕರ್ಕೊಂಡು ಹೋಗುತ್ತೆ ಅಂತ ಗೊತ್ತಾಗ್ಲಿಲ್ಲ," ಎಂದೆ. ಅವನಿಗೆ ಸಿಟ್ಟು ಬಂತು.

ಆ ಸಿಟ್ಟಿಗೋ ಏನೋ, ಸಂಕ್ರಾಂತಿ ಕಳೆದ ಮೇಲೆ ನಾನು ಹಂಗಳಕ್ಕೆ ಹೋಗಿ ಶೆಡ್ಡಿನ ಬಾಗಿಲು ತೆಗೆಯುತ್ತಿದ್ದಾಗ ಹಿಂದಿನಿಂದ ಬಂದು ನಿಂತ. ಬಂಡೀಪುರದ ದಾರಿಯಲ್ಲಿ ಅವನ ಸ್ನೇಹಿತನೊಬ್ಬ ಹೊಸದಾಗಿ ರೆಸಾರ್ಟು ಕಟ್ಟಿಸುತ್ತಿದ್ದನಂತೆ.

"ಗೇಟಿನ ಮುಂದ ಇಡ್ತಾನಂತ ಕಣಕ್ಕ ಇದ್ನ. ಚೆಂದಾಗಿ ಕಟ್ಟೆ ಕಟ್ಸಿ, ಲೈಟ್ ಹಾಕ್ಸಿ. ಇಲಿ ತಿನ್ನದ್ಕಿಂತ ವಾಸಿ ಅಲ್ವಾ?"

"ಎಂಜಿನ್?"

"ಎಂಜಿನ್ ತಗ್ದುಬುಟ್ಟು ಅಲ್ಲಿ ಚೆಂಡೂವಿನ ಗಿಡ ಮಡಗ್ತಾರಂತ."

ಗುಂಡ್ಲುಪೇಟೆ ತಾಲ್ಲೂಕಿನಲ್ಲಿ ಚೆಂಡುಹೂವಿಗೆ ಬರವೇ? ಮಳೆಗಾಲದಲ್ಲಿ ರಸ್ತೆಯ ಎರಡೂ ಕಡೆ ಕಣ್ಣು ಹಾಯುವವರೆಗೆ ಅದೇ, ಕೇರಳದವರು ಕಾರು ನಿಲ್ಲಿಸಿ ಫೋಟೋ ಹೊಡೆಸಿಕೊಳ್ಳುವುದು ಅದರ ನಡುವೆಯೇ. ಅದನ್ನು ನೆಡಲು ಇವರಿಗೆ ನಮ್ಮಪ್ಪನ ಕಾರಿನ ಹೊಟ್ಟೆಯೇ ಬೇಕಾಯಿತು. ನನಗೆ ಮೈಯೆಲ್ಲ ಉರಿದುಹೋಯಿತು. "ನಿನ್ನ ಹೊಸ ಕಾರಿನ ಹೊಟ್ಟೇಲಿ ಕೊತ್ಮರಿ ಬೆಳ್ಕೊ ಹೋಗೋ. ಇದನ್ನ ನಾನು ಚಾಮರಾಜನಗರಕ್ಕೆ ತಗೊಂಡು ಹೋಗ್ತೀನಿ," ಎಂದೆ.

"ಎಲ್ಲಿಗ? ಇದು ತೆರಕಣಾಂಬಿ ದಾಟದಿಲ್ಲ."

"ದಾಟುತ್ತೆ."

"ನೂಕ್ದೆ?"

ಆ ಮಾತನ್ನು ಅವನು ಬೇರೆ ದನಿಯಲ್ಲಿ ಕೇಳಿದ. ಅದು ನನ್ನ ಕಿವಿಗೆ ಬಿತ್ತು, ಆದರೆ ಸಿಟ್ಟಿನಲ್ಲಿ ಒಳಗೆ ಇಳಿಯಲಿಲ್ಲ. "ನೂಕದೆ," ಎಂದೆ.

"ಸರಿ. ಊಟದೊತ್ಗ ನಿಮ್ಮನ ಬಾಗ್ಲಲ್ಲಿ ನಿಲ್ಸು. ಯಾರೂ ಕೈ ಹಚ್ಬಾರ್ದು. ನಿಲ್ಸುದ್ರ ಕಾರು ನಿಂದು. ದಾರೀಲಿ ಎಲ್ಲಾರ ನೂಕಿಸ್ಕಂಡ ಅಂದ್ರ ನಾ ಹೇಳ್ದಂಗ. ಮತ್ತ ಮಾತಾಡಂಗಿಲ್ಲ."

"ಮಾತಾಡಲ್ಲ."

ಮಾರನೆಯ ದಿನ ಬೆಳಗ್ಗೆ ಮಂಜು ಕರಗುವ ಮೊದಲೇ ಹೊರಟೆವು. ಶೆಡ್ಡಿನಲ್ಲಿ ಬ್ರೇಕ್ ಬಿಟ್ಟೆ. ಅಪ್ಪ ಕಟ್ಟಿಸಿದ ಇಳಿಜಾರಿನಲ್ಲಿ ಕಾರು ಉರುಳಿ ಗೇಟು ದಾಟುವಷ್ಟರಲ್ಲಿ ಎಂಜಿನ್ ಹಿಡಿದುಕೊಂಡಿತ್ತು. ತಲೆಗೆ ಸೆರಗು ಬಿಗಿದು, ಮೇಲೆ ಸ್ವೆಟರು ಹಾಕಿ, ಚಳಿಗೆ ಮೂಗು ಸೋರಿಸಿಕೊಂಡು ಗುಂಡ್ಲುಪೇಟೆ ಬಸ್‌ಸ್ಟ್ಯಾಂಡು ದಾಟಿದೆ. ಟೀ ಅಂಗಡಿಯ ಮುಂದೆ ನಿಂತಿದ್ದವರೆಲ್ಲ ತಿರುಗಿ ನೋಡಿದರು. ನನ್ನ ಹಿಂದೆ ಬರುತ್ತಿದ್ದ ಅಷ್ಟು ದೊಡ್ಡ ಹೊಸ ಕಾರನ್ನು ಒಬ್ಬರೂ ನೋಡಲಿಲ್ಲ. ಕನ್ನಡಿಯಲ್ಲಿ ತಮ್ಮನ ಮುಖ ಕಂಡಿತು. ಗಾಜು ಏರಿಸಿಕೊಂಡು, ಏನೋ ಹಾಡು ಹಾಕಿಕೊಂಡು, ಒಂದು ಕೈಯಲ್ಲಿ ಓಡಿಸುತ್ತಿದ್ದ.

ಚಾಮರಾಜನಗರದ ರಸ್ತೆಗೆ ತಿರುಗಿದ ಮೇಲೆ ಬಿಸಿಲು ಬಂತು. ಮೂರನೇ ಗೇರಿನಲ್ಲಿ ಎಂಜಿನ್ ಹದಕ್ಕೆ ಬಂದು ಒಂದೇ ಶ್ರುತಿಯಲ್ಲಿ ಓಡುತ್ತಿತ್ತು. ಬಾಳೆಯ ತೋಟ ಬಂದರೆ ತಂಪು ಗಾಳಿ, ಈರುಳ್ಳಿ ಹೊಲ ಬಂದರೆ ಅದರ ಘಾಟು. ಆ ಹೊತ್ತಿನಲ್ಲಿ ನನಗಿದ್ದ ಸಂತೋಷವನ್ನು ಮುಚ್ಚಿಟ್ಟು ಏನಾಗಬೇಕು? ಅರವತ್ತು ದಾಟಿದ ಹೆಂಗಸು, ಮಂಡಿ ನೋವು, ಸಕ್ಕರೆ ಕಾಯಿಲೆ, ಎಲ್ಲ ಇದ್ದೂ ನನಗೆ ಯಾರೂ ಸಮ ಇಲ್ಲ ಅನ್ನಿಸಿತು. ತೆರಕಣಾಂಬಿ ದಾಟಿದಾಗ ಕೈ ಮೇಲೆತ್ತಿ ಹಿಂದಿನವನಿಗೆ ತೋರಿಸಿದೆ.

ಅದಾದ ಸ್ವಲ್ಪ ದೂರಕ್ಕೆ ರಸ್ತೆಯ ತುಂಬ ಹುರುಳಿ ಹಾಸಿದ್ದರು.

ನಮ್ಮ ಕಡೆ ಇದು ಇದ್ದದ್ದೇ. ಹುರುಳಿ ಕಿತ್ತ ಮೇಲೆ ಕಣ ಮಾಡುವ ಕಷ್ಟ ಯಾರಿಗೂ ಬೇಡ, ಗಿಡವನ್ನು ಹೊರೆಗಟ್ಟಲೆ ತಂದು ಡಾಂಬರಿನ ಮೇಲೆ ಹರವಿಬಿಡುತ್ತಾರೆ. ಬಸ್ಸು ಲಾರಿ ಹತ್ತಿ ಹತ್ತಿ ಕಾಯಿ ಒಡೆದು ಕಾಳು ಉದುರುತ್ತದೆ, ಸಂಜೆ ಬಂದು ತೂರಿಕೊಂಡು ಹೋಗುತ್ತಾರೆ. ಹಾಗೆ ಮಾಡಬಾರದು ಎಂದು ಬೋರ್ಡೂ ಇರುತ್ತದೆ. ಬೋರ್ಡಿನ ಕಂಬಕ್ಕೆ ಆಡು ಕಟ್ಟಿರುತ್ತಾರೆ. ಎತ್ತರದ ಗಾಡಿಗಳಿಗೆ ತೊಂದರೆಯಿಲ್ಲ. ಆದರೆ ತಗ್ಗಿನ ಕಾರಿನವರು ಹೊಸದಾಗಿ ಹಾಸಿದ್ದರ ಮೇಲೆ ಹೋಗಬಾರದು, ಬಳ್ಳಿ ಅಡಿಯಲ್ಲಿ ಸುತ್ತಿಕೊಂಡು ಸೈಲೆನ್ಸರಿನ ಬಿಸಿಗೆ ಹೊತ್ತಿಕೊಳ್ಳುತ್ತದೆ. ಈ ಪಾಠ ಅಪ್ಪ ನನಗೆ ಗೇರಿಗಿಂತ ಮೊದಲೇ ಹೇಳಿಕೊಟ್ಟಿದ್ದರು. ನಾನು ರಸ್ತೆಯ ಅಂಚಿನಲ್ಲಿ, ಆಗಲೇ ತುಳಿದು ಚಪ್ಪಟೆಯಾದ ಕಡೆಯಿಂದ, ಮೆಲ್ಲಗೆ ದಾಟಿ ಮುಂದೆ ನಿಂತೆ. ಎಂಜಿನ್ ಆಫ್ ಮಾಡಲಿಲ್ಲ.

ಹಿಂದೆ ತಮ್ಮನ ಕಾರು ಹುರುಳಿಯ ಹಾಸಿನ ಮುಂದೆ ಬಂದು ತಾನೇ ನಿಂತುಬಿಟ್ಟಿತು. ಅವನು ಒತ್ತುತ್ತಾನೆ, ಅದು ಹೋಗುವುದಿಲ್ಲ. ಅಡ್ಡ ಏನೋ ಬಿದ್ದಿದೆ ಎಂದು ಅದರ ಲೆಕ್ಕ. ಮರದ ಕೆಳಗೆ ಕೂತಿದ್ದ ಹುರುಳಿಯ ಯಜಮಾನಿ, ಒಬ್ಬ ಮುದುಕಿ, ಸೊಂಟಕ್ಕೆ ಕೈ ಕೊಟ್ಟು ಎದ್ದು ಬಂದಳು. ಹಿಂದೆ ಅವಳ ಸೊಸೆಯಂದಿರು ಬಂದರು.

"ಯಾಕಪ್ಪ ನಿಂತ್ಬುಟ್ಟ? ಅದೇನು ಆವಾ ಕಚ್ಚಕ? ಅತ್ಸಪ್ಪ ಮ್ಯಾಕ," ಎಂದಳು.

ತಮ್ಮ ಗಾಜು ಇಳಿಸಿ, "ಕಾರು ಒಪ್ತಿಲ್ಲ ಕಣವ್ವ," ಎಂದ.

"ಒಪ್ಪಕ ಅದೇನು ಮದ್ವ ಎಣ್ಣಾ?"

ಸೊಸೆಯಂದಿರು ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ತಮ್ಮನಿಗೆ ಅವಮಾನವಾಯಿತು. ಟಿವಿಯ ಮೇಲೆ ಏನೇನೋ ಒತ್ತಿ, ಕಾರಿನ ಬುದ್ಧಿಯನ್ನೆಲ್ಲ ಆಫ್ ಮಾಡಿ, ಹಾಸಿನ ನಡುಮಧ್ಯೆ ನುಗ್ಗಿಸಿದ. ಅಗಲವಾದ ಚಕ್ರದ ಕೆಳಗೆ ಕಾಯಿಗಳು ಚಟಪಟ ಒಡೆದವು. ಮುದುಕಿ ಬಗ್ಗಿ ಒಂದು ಹಿಡಿ ಎತ್ತಿ ನೋಡಿದಳು. ಬರೀ ಕಾಳು. ಅವಳ ಮುಖ ಅರಳಿತು.

"ಲಾರಿ ಓದ್ರೂವ ಇಂಗ ಉದುರ್ಲಿಲ್ಲ ಕಣಪ್ಪ. ನಿನ್ ಚಕ್ರ ಸಂದಾಗವ. ಇನ್ನೊಂದ್ ಕಿತ ಬಾರಪ್ಪ, ನಿನ್ನೊಟ್ಟ ತಣ್ಗಿರ್ಲಿ."

ಹೊಗಳಿದ ಮೇಲೆ ನಮ್ಮ ಕಡೆಯವರು ಇಲ್ಲ ಎನ್ನುವುದುಂಟೆ? ಅದೂ ಒಂದು ಹೆಂಗಸು ಕಾಳು ಹಿಡಿದುಕೊಂಡು ಕೇಳುತ್ತಿರುವಾಗ. ಅವನು ಹಿಂದಿನ ಕ್ಯಾಮೆರಾ ನೋಡಿಕೊಂಡು ರಿವರ್ಸ್ ಬಂದ. ಮತ್ತೆ ಮುಂದೆ ಹೋದ, ಮತ್ತೆ ಹಿಂದೆ ಬಂದ. ಆ ಬೂದಿ ಬಣ್ಣದ ಬೆಡಗಿನ ಕಾರು, ಬೆಂಗಳೂರಿನಲ್ಲಿ ಜನ ಕೈ ಮುಟ್ಟಲೂ ಹೆದರುವಂಥದ್ದು, ತೆರಕಣಾಂಬಿಯ ಆಚೆ ಕಣದಲ್ಲಿ ಉರುಳಿಸುವ ರೋಣಗಲ್ಲಿನ ಕೆಲಸ ಮಾಡುತ್ತಿತ್ತು. "ಸಾಕು ಬಾರೋ, ಸುತ್ತಿಕೊಳ್ಳುತ್ತೆ," ಎಂದು ನಾನು ಕೂಗಿದೆ. ಗಾಜು ಏರಿಸಿಬಿಟ್ಟಿದ್ದ, ಕೇಳಲಿಲ್ಲ. ಅವನ ಮುಖದಲ್ಲಿ ಚಿಕ್ಕಂದಿನ ಖುಷಿ ಇತ್ತು.

ಕೊನೆಗೆ ಹೊರಟೆವು. ಒಂದು ಫರ್ಲಾಂಗ್ ಹೋಗಿರಬೇಕು, ಹುರುಳಿ ಹುರಿದ ಘಮಘಮ ಬಂತು. ಯಾರೋ ಸಾರಿಗೆ ಹುರಿಯುತ್ತಿದ್ದಾರೆ ಎಂದುಕೊಂಡೆ, ಹೊಟ್ಟೆಯೂ ಚುರುಕ್ ಎಂದಿತು. ಸುತ್ತ ನೋಡಿದರೆ ಒಂದು ಮನೆಯಿಲ್ಲ. ಕನ್ನಡಿ ನೋಡಿದೆ. ತಮ್ಮನ ಕಾರಿನ ಹೊಟ್ಟೆಯ ಕೆಳಗಿನಿಂದ ಬೆಳ್ಳಗೆ ಹೊಗೆ ಬರುತ್ತಿತ್ತು. ಒಳಗೆ ಅವನು ತಲೆ ಅಲ್ಲಾಡಿಸಿಕೊಂಡು ಹಾಡು ಕೇಳುತ್ತಿದ್ದ. ಹೊರಗಿನ ವಾಸನೆ ಒಳಗೆ ಹೋಗದ ಹಾಗೆ ಅದಕ್ಕೆ ಜಾಲರಿ ಇದೆ ಎಂದು ಅವನೇ ಒಂದು ದಿನ ಹೇಳಿಕೊಂಡಿದ್ದ.

ಹಾರನ್ ಹೊಡೆದೆ. ಅಣಕಿಸುತ್ತಿದ್ದೇನೆ ಎಂದುಕೊಂಡು ಅವನೂ ಹೊಡೆದ. ಕೈ ಬೀಸಿದೆ, ಅವನು ಲೈಟು ಮಿಂಚಿಸಿದ. ಹೊಗೆಯೊಳಗೆ ಕೆಂಪು ಕಂಡಿತು. ನಾನು ಕಾರನ್ನು ರಸ್ತೆಗೆ ಓರೆಯಾಗಿ ಅಡ್ಡ ನಿಲ್ಲಿಸಿ, ಕೀ ತಿರುಗಿಸಿ ಆಫ್ ಮಾಡಿದೆ. ಬೆಂಕಿ ಕಂಡ ಕಡೆ ಮೊದಲು ಎಂಜಿನ್ ಆಫ್ ಮಾಡು ಎಂದು ಅಪ್ಪ ಕಲಿಸಿದ್ದು ಕೈಗೆ ಅಂಟಿಕೊಂಡುಬಿಟ್ಟಿತ್ತು. ಆಫ್ ಮಾಡಿದ ಮೇಲೆ ಗೊತ್ತಾಯಿತು ಏನು ಮಾಡಿದೆ ಎಂದು. ರಸ್ತೆ ಅಂಗೈಯಷ್ಟು ಸಪಾಟಾಗಿತ್ತು.

ತಮ್ಮ ನಿಲ್ಲಿಸಿ ಗಾಜು ಇಳಿಸಿದ. "ಏನಕ್ಕ, ಸೋಲ್ ಒಪ್ಕಂಡಾ?"

"ಇಳಿಯೋ ಮೊದ್ಲು. ಕೆಳಗೆ ಬೆಂಕಿ."

ಅವನು ಹಾರಿ ಇಳಿದ. ಅಷ್ಟರಲ್ಲಿ ಹೊಗೆ ನೋಡಿ ಮುದುಕಿಯೂ ಸೊಸೆಯಂದಿರೂ ಕುಡಗೋಲು, ಕೊಕ್ಕೆ ಕೋಲು, ಕುಡಿಯುವ ನೀರಿನ ಕೊಡ ಹಿಡಿದು ಓಡಿ ಬಂದರು. ಕೊಕ್ಕೆ ಹಾಕಿ ಎಳೆದರೆ ಬಳ್ಳಿ ಜಡೆಯ ಹಾಗೆ ಉದ್ದಕ್ಕೆ ಬಂತು, ತುದಿಯಲ್ಲಿ ಬೆಂಕಿ. ನೀರು ಮುಗಿಯಿತು. ಮುದುಕಿ ಮಧ್ಯಾಹ್ನದ ಊಟಕ್ಕೆ ತಂದಿದ್ದ ಮಜ್ಜಿಗೆಯ ಚೊಂಬನ್ನೂ ಸುರಿದಳು. "ಮಜ್ಗ ಓದ್ರ ಓಯ್ತದ ಬುಡು," ಎಂದಳು. ಬೆಂಕಿ ಆರಿತು. ಕಾರಿಗೆ ಹೊಟ್ಟೆಯ ಕೆಳಗೆ ಕಪ್ಪಾದದ್ದು ಬಿಟ್ಟರೆ ಏನೂ ಆಗಿರಲಿಲ್ಲ. ತಮ್ಮನಿಗೂ ಏನೂ ಆಗಿರಲಿಲ್ಲ.

ಆದರೆ ಹೊಸ ಕಾರು ಮುನಿಸಿಕೊಂಡಿತು. ಟಿವಿಯ ಮೇಲೆ ಕೆಂಪು ಅಕ್ಷರ ಬಂದವು. ಇನ್ನು ಕಂಪನಿಯವರು ಬಂದು ನೋಡುವವರೆಗೆ ಹೊರಡುವುದಿಲ್ಲವಂತೆ. ಅದು ತಾನೇ ಎಲ್ಲಿಗೋ ಫೋನು ಮಾಡಿತು. ಒಳಗಿನಿಂದ ಒಂದು ಹೆಣ್ಣು ದನಿ, ತಾವು ಕ್ಷೇಮವೇ ಎಂದು ಹಿಂದಿಯಲ್ಲಿ ಕೇಳತೊಡಗಿತು. ಮುದುಕಿ ಗಾಬರಿಯಾಗಿ ಕಿಟಕಿಗೆ ಮುಖ ಇಟ್ಟಳು. "ಒಳಗ ಇನ್ನೊಬ್ರು ಅವ್ರಲ್ಲಪ್ಪ. ಈಚಿಗ ಬಾ ನಮ್ಮವ್ವ, ಬೆಂಕಿ ಆರೋಯ್ತು," ಎಂದು ಕರೆದಳು. ಮೈಸೂರಿನಿಂದ ಎಳೆಯುವ ಗಾಡಿ ಬರಲು ಸಂಜೆಯಾಗುತ್ತದೆ ಎಂದು ತಿಳಿಯಿತು.

ನಾನು ಹೋಗಿ ಹಳೇ ಕಾರಿನಲ್ಲಿ ಕೂತು ಕೀ ತಿರುಗಿಸಿದೆ. ಟಕ್. ಇನ್ನೊಮ್ಮೆ ತಿರುಗಿಸಿದೆ. ಟಕ್. ಬೆಂಕಿ, ಫೋನು ಎಂದು ಬಿಸಿಲು ನೆತ್ತಿಗೆ ಬಂದಿತ್ತು, ಆ ಕಾವಿಗೆ ಎಂಜಿನ್ ಇನ್ನೂ ಆರಿರಲಿಲ್ಲ. ಅದು ತಣ್ಣಗಾಗುವಷ್ಟರಲ್ಲಿ ಊಟದ ಹೊತ್ತು ಮೀರುತ್ತಿತ್ತು. ಮುದುಕಿಯ ಸೊಸೆಯಂದಿರು, "ನೂಕುಮಾ ಅಕ್ಕ?" ಎಂದು ಸೆರಗು ಕಟ್ಟಿದರು. ಬೇಡ ಎಂದೆ. ಆಡಿದ ಮಾತು ಆಡಿದ್ದೇ. ಬಾನೆಟ್ಟಿನ ಮೇಲೆ ಕೈ ಇಟ್ಟೆ, ಸುಡುತ್ತಿತ್ತು. ಅದರೊಳಗೆ ಮಣ್ಣು ತುಂಬಿ ಗಿಡ ನೆಡುವುದನ್ನು ನೆನೆದು ನನಗೆ ಅಳು ಬಂತು, ಜನರ ಮುಂದೆ ಅಳುವವಳಲ್ಲ ಎಂದು ನುಂಗಿಕೊಂಡೆ.

ಆಗ ರಸ್ತೆಯ ಪಕ್ಕ ಕೂತಿದ್ದ ತಮ್ಮ ಎದ್ದು ಬಂದ. ಹಳೇ ಕಾರಿನ ಹಿಂದೆ ಹೋಗಿ, ಡಿಕ್ಕಿಯ ಮೇಲೆ ಎರಡೂ ಅಂಗೈ ಇಟ್ಟು, ತಲೆ ತಗ್ಗಿಸಿ, ಒಂದು ಕಾಲು ಹಿಂದಕ್ಕೆ ಕೊಟ್ಟು ನಿಂತ. ನೂಕಲು ನಿಲ್ಲುತ್ತಿದ್ದದ್ದು ಹಾಗೆಯೇ. ತಲೆ ಬೋಳಾಗಿತ್ತು, ಶರ್ಟಿನ ತುಂಬ ಹುರುಳಿ ಹೊಟ್ಟು.

"ಕೂತ್ಕಕ್ಕ," ಎಂದ.

ಅವನನ್ನು ಹಾಗೆ ನೋಡಿ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಅವನ ಮೇಲಲ್ಲ, ಅಪ್ಪನ ಮೇಲೆ. ಇವನಿಗೆ ಒಂದು ದಿನ, ಒಂದೇ ಒಂದು ದಿನ, ನೀನು ಕೂತುಕೋ ಎಂದು ಆ ಮನುಷ್ಯ ಹೇಳಲಿಲ್ಲವಲ್ಲ. ಹಿಂದಿನ ದಿನ 'ನೂಕ್ದೆ?' ಎಂದು ಕೇಳಿದ ದನಿ ಈಗ ಒಳಗೆ ಇಳಿಯಿತು.

"ಏಳೋ ಅಲ್ಲಿಂದ. ಹೋಗಿ ಸ್ಟೀರಿಂಗ್ ಹಿಡ್ಕೊ."

"ನಾನಾ?"

"ಮತ್ಯಾರು, ಆ ಫೋನಿನವಳಾ? ನಾನು ನೂಕ್ತೀನಿ."

"ನಂಗ ಇದು ಬರದಿಲ್ಲ ಕಣಕ್ಕ."

"ಅಷ್ಟು ವರ್ಷ ಹಿಂದಿನಿಂದ ನೋಡಿದೀಯ, ಬರದೆ ಏನು. ಎರಡನೇ ಗೇರು. ನಾನು ಹೇಳ್ದಾಗ ಕ್ಲಚ್ ಬಿಡು."

ಅವನು ಕೂತ. ಸ್ಟೀರಿಂಗನ್ನು ಎರಡೂ ಕೈಯಲ್ಲಿ ಹಿಡಿದ. ನಾನು ಹಿಂದೆ ನಿಂತು ಕೈ ಕೊಟ್ಟು ನೂಕಿದೆ. ಅಲುಗಲಿಲ್ಲ. ಆ ಪುಟ್ಟ ಕಾರು ಇಷ್ಟು ಭಾರ ಎಂದು ನನಗೆ ಆವತ್ತಿನವರೆಗೆ ಗೊತ್ತಿರಲಿಲ್ಲ. ಸೊಸೆಯಂದಿರಿಬ್ಬರು ಎರಡು ಕಡೆ ಸೇರಿಕೊಂಡರು. ಮೆಲ್ಲಗೆ ಉರುಳಿತು, ಇನ್ನೂ ಸ್ವಲ್ಪ ಜೋರಾಯಿತು. "ಬಿಡೋ," ಎಂದು ಕೂಗಿದೆ. ಕಾರು ಒಮ್ಮೆ ಎಗರಿ, ಕೆಮ್ಮಿ, ಹೊಗೆ ಬಿಟ್ಟು, ಹಿಡಿದುಕೊಂಡಿತು.

ನಿಲ್ಲಿಸುತ್ತಾನೆ ಎಂದುಕೊಂಡೆ. ನಿಲ್ಲಿಸಲಿಲ್ಲ. ಓಡಿದೆ. ಸೀರೆ ಕಾಲಿಗೆ ತೊಡರಿತು, ಒಂದು ಚಪ್ಪಲಿ ಹಿಂದೆ ಉಳಿಯಿತು, ಮಂಡಿ ಬೇಡ ಎಂದಿತು. ಕಪ್ಪೆಯ ಹಾಗೆ ಎಗರುವುದೆಲ್ಲಿ ಬಂತು. ನೂಕಿದವಳನ್ನು ಅಲ್ಲೇ ಬಿಟ್ಟು ಕಾರು ದೂರ ಹೋಗುತ್ತಲೇ ಇತ್ತು. ಎಷ್ಟು ಓಡಿದರೂ ಅಷ್ಟೇ ದೂರ. ಪ್ರತಿ ಸಲ ಅವನಿಗೆ ಕಾಣುತ್ತಿದ್ದದ್ದು ಇದೇ, ನಮ್ಮಿಬ್ಬರ ಬೆನ್ನು. ಅವನು ಒಂದು ಸಲ ತಿರುಗಿ ನೋಡಿದ, ಹಲ್ಲು ಬಿಟ್ಟ, ತಿರುವಿನಲ್ಲಿ ಮರೆಯಾದ.

"ಬುಟ್ಟೋದ್ನಲ್ಲ ಕಣವ್ವ ನಿನ್ ತಮ್ಮ," ಎಂದಳು ಮುದುಕಿ, ನನ್ನ ಚಪ್ಪಲಿ ತಂದುಕೊಟ್ಟು.

"ಹೋಗ್ಲಿ ಬಿಡವ್ವ," ಎಂದೆ. ನನಗೆ ನಗು ತಡೆಯಲಾಗಲಿಲ್ಲ, ಉಸಿರಿಲ್ಲದೆ ನಗುತ್ತ ರಸ್ತೆಯ ಪಕ್ಕ ಕೂತುಬಿಟ್ಟೆ.

ಮರದ ಕೆಳಗೆ ಅವರು ಕೊಟ್ಟ ಕಡಲೆಕಾಯಿ ತಿನ್ನುತ್ತ ಬಹಳ ಹೊತ್ತು ಕೂತಿದ್ದೆ. ಹೊಸ ಕಾರು ಆಗಾಗ ಲೈಟು ಮಿಣುಕಿಸಿ ಏನೋ ಹೇಳುತ್ತಿತ್ತು, ಯಾರೂ ಕಿವಿಗೊಡಲಿಲ್ಲ. ಊಟದ ಹೊತ್ತು ಮೀರಿತು. ಕಾರು ನನ್ನ ಕೈ ಬಿಟ್ಟಿತು ಎಂಬುದರಲ್ಲಿ ಅನುಮಾನವಿರಲಿಲ್ಲ, ಬಾಗಿಲಿಗೆ ಮುಟ್ಟಿಸಲಿಲ್ಲ, ನೂಕಿಯೂ ಆಗಿತ್ತು. ಆಮೇಲೆ ದೂರದಲ್ಲಿ ಎಂಜಿನ್ನಿನ ಸದ್ದು ಕೇಳಿತು. ಮೊದಲು ಗೇರ್‌ಬಾಕ್ಸು ಬೈದದ್ದು ಕೇಳಿತು. ಇನ್ನೊಮ್ಮೆ ಬೈಯಿತು. ಮೂರನೇ ಸಲ ಎರಡು ಕ್ಲಚ್ಚಿನ ನಡುವೆ ಒಂದು ಉಸಿರು ಸರಿಯಾಗಿ ಬಿತ್ತು, ಗೇರು ಬೆಣ್ಣೆಯ ಹಾಗೆ ಇಳಿಯಿತು.

ತಮ್ಮ ಬಂದ. ನಮ್ಮ ಮುಂದೆ ಹಾದು ಹೋದ, ನಿಲ್ಲಿಸಲಿಲ್ಲ. ಹಿಂದಕ್ಕೆ ಹಾರಿದ ನಾಲ್ಕು ಕೂದಲು ಬಿಟ್ಟರೆ ತಲೆಯಲ್ಲಿ ಬರೀ ಧೂಳು. ಹುರುಳಿಯ ಹಾಸನ್ನು ಅಂಚಿನಲ್ಲಿ, ತುಳಿದ ಕಡೆಯಿಂದಲೇ ದಾಟಿ, ಇನ್ನೂ ದೂರ ಹೋದ. ಅಲ್ಲಿ ರಸ್ತೆ ಸ್ವಲ್ಪ ಏರುತ್ತದೆ. ಏರಿನ ತುದಿಯಲ್ಲಿ ಕಾರನ್ನು ತಿರುಗಿಸಿ, ಹಿಂದೆ ಮುಂದೆ ಮಾಡಿ, ಮೂತಿಯನ್ನು ಇಳಿಜಾರಿಗೆ ಸರಿಯಾಗಿ ಇಟ್ಟು ಆಫ್ ಮಾಡಿದ. ಆಮೇಲೆ ಬಿಸಿಲಿನಲ್ಲಿ ಅಷ್ಟು ದೂರ ನಡೆದುಕೊಂಡು ಬಂದ. ಕೀ ಅವನ ಕೈಯಲ್ಲೇ ಇತ್ತು.

"ಸೋತೋದೆ ಅಕ್ಕ ನೀನು," ಎಂದ.

"ಹೂಂ. ಸೋತೆ."

ಅವನು ಜೇಬಿನಿಂದ ಫೋನು ತೆಗೆದು ರೆಸಾರ್ಟಿನ ಸ್ನೇಹಿತನಿಗೆ ಹಚ್ಚಿದ. ನಾನು ಬೇರೆ ಕಡೆ ನೋಡಿದೆ.

"ಲೋ, ಆ ಕಟ್ಟೆ ಮ್ಯಾಲ ಬೇರೆ ಏನಾರ ಮಡಿಕಳ್ಲಾ. ಕಾರು ಕೊಡಕ್ಕಾಗಲ್ಲ. ನಾನು ಓಡಿಸ್ಬೇಕು ಕಣ."

ಫೋನು ಇಟ್ಟು, ಹೊಸ ಕಾರಿನ ಮೇಲೆ ಕಣ್ಣಿಟ್ಟಿರುವಂತೆ ಮುದುಕಿಗೆ ಹೇಳಿ, "ಊಟಕ್ಕ ಹೋಗನ ಬಾ," ಎಂದ. ಇಬ್ಬರೂ ಏರಿನವರೆಗೆ ನಡೆದೆವು. ನನ್ನ ಕಾಲು ಅಭ್ಯಾಸಬಲದಿಂದ ಸ್ಟೀರಿಂಗಿನ ಕಡೆಗೆ ಹೋಯಿತು. ಅವನು ಕೆಮ್ಮಿದ. ನಾನು ಸುತ್ತಿ ಬಂದು, ಅಪ್ಪ ಕೂರುತ್ತಿದ್ದ ಸೀಟಿನಲ್ಲಿ ಕೂತೆ. ಅಲ್ಲಿಂದ ರಸ್ತೆ ಬೇರೆಯೇ ಥರ ಕಂಡಿತು. ತಮ್ಮ ಬ್ರೇಕ್ ಬಿಟ್ಟ. ಕಾರು ತಾನೇ ಉರುಳಿತು, ಯಾರೂ ನೂಕಲಿಲ್ಲ.